ನಿದ್ದೆ ಬಂತೆಂದು ಬರೆದ ಮಗನಿಗೆ

ಚಿರಂಜೀವಿ ಮಗನಿಗೆ ತೀರ್ಥಹಳ್ಳಿಯಿಂದ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬುಧವಾರ ತಲುಪಿತು. ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳಾದ್ದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಆ ಮೂರು ಪುಟಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಯ ಪುಟದ ಒಂದೇ ಮಾತು: "ಆ ಹುಡುಗನ ಕಾಲಿಗೆ ಗುಂಡು ಹಾರಿಸಿದ ರಾತ್ರಿ ಹೊಟ್ಟೆ ತುಂಬ ಊಟ ಮಾಡಿದೆ, ಬೆಳಗಿನವರೆಗೆ ಒಳ್ಳೆಯ ನಿದ್ದೆ ಬಂತು, ಹೀಗಾಗುವುದು ಸರಿಯೇ ದೊಡ್ಡಪ್ಪಾ?" ನಿನ್ನ ಮೇಲಧಿಕಾರಿಗಳನ್ನು ಬಿಟ್ಟು, ಪೊಲೀಸ್ ಇಲಾಖೆಯಲ್ಲಿ ಎಎಸ್‌ಐ ಆಗಿ ನಿವೃತ್ತನಾಗಿ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸಿಕೊಂಡಿರುವ ನನ್ನನ್ನು ಏಕೆ ಕೇಳಿದೆಯೋ ತಿಳಿಯದು. ಮೂರು ರಾತ್ರಿಯಿಂದ ನಿದ್ದೆ ಕೆಟ್ಟಿರುವುದು ಮಾತ್ರ ನನ್ನದು.

ಶಿವಮೊಗ್ಗದಲ್ಲಿ ಗಾಂಜಾದವರ, ಲಾಂಗು ಹಿಡಿದವರ ಗುಂಪುಗಳ ಬೆನ್ನು ಹತ್ತಿದ್ದೀಯೆಂದು ನಿನ್ನ ಅಮ್ಮ ದೇವರಿಗೆ ಹರಕೆ ಹೊತ್ತಿರುವಾಗ, ನನ್ನ ಹೆದರಿಕೆ ನಿನ್ನ ಮೈಮೇಲೆ ಬೀಳುವ ಏಟಿನದಲ್ಲ. ಮಹಜರಿಗೆ ಕರೆದೊಯ್ದಾಗ ಆರೋಪಿ ಸಿಬ್ಬಂದಿಯ ಮೇಲೆ ಎರಗಿದ, ಗಾಳಿಯಲ್ಲಿ ಗುಂಡು ಹಾರಿಸಿ ಎಚ್ಚರಿಸಿದರೂ ಕೇಳಲಿಲ್ಲ, ಆಮೇಲೆ ಕಾಲಿಗೆ ಹೊಡೆಯಲಾಯಿತು ಎಂಬ ವಾಕ್ಯಗಳು ಪತ್ರಿಕೆಗಳಲ್ಲಿ ಅದೆಷ್ಟು ಸಲ ಅಚ್ಚಾಗಿವೆಯೆಂದರೆ, ನಿಜವಾಗಿಯೂ ಹಾಗೆಯೇ ನಡೆದಾಗಲೂ ಜನ ನಕ್ಕು ಪುಟ ತಿರುವುತ್ತಾರೆ. ನಿನ್ನನ್ನು ನಾನು ಅನುಮಾನಿಸುತ್ತಿಲ್ಲ. ನಿನ್ನ ಕಾನ್‌ಸ್ಟೇಬಲ್‌ನ ಮೊಣಕೈಗೆ ಒಂಬತ್ತು ಹೊಲಿಗೆ ಬಿದ್ದದ್ದನ್ನೂ ಓದಿದೆ. ಆದರೆ ಆ ನಿದ್ದೆಯ ಗುರುತು ನನಗಿದೆ. ಅಂಥ ನಿದ್ದೆಯನ್ನು ನಾನೂ ಒಮ್ಮೆ ಮಾಡಿ ಎದ್ದವನು.

2003ರ ನವೆಂಬರಿನಲ್ಲಿ ಕಾರ್ಕಳದ ಹತ್ತಿರ ಈದುವಿನಲ್ಲಿ ಇಬ್ಬರು ನಕ್ಸಲ್ ಯುವತಿಯರು ಪೊಲೀಸರ ಗುಂಡಿಗೆ ಸತ್ತ ಮೇಲೆ ನಮ್ಮ ಕಡೆಯ ಕಾಡುಗಳಲ್ಲಿಯೂ ಓಡಾಟ ಹೆಚ್ಚಿತು. 2005ರ ಫೆಬ್ರುವರಿ 6ರಂದು ಮೆಣಸಿನಹಾಡ್ಯದ ಬಳಿ ನಕ್ಸಲರ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತರು. ವಾರ ಕಳೆಯುವ ಮುನ್ನ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ರಾಜ್ಯ ಮೀಸಲು ಪೊಲೀಸರ (ಕೆಎಸ್‌ಆರ್‌ಪಿ) ಶಿಬಿರದ ಮೇಲೆ ರಾತ್ರಿ ನಕ್ಸಲರ ದಾಳಿ ನಡೆದು ಪೊಲೀಸರು ಸತ್ತರು. ಅಲ್ಲಿಂದ ಮುಂದೆ ನಾವು ಬೂಟು ಬಿಚ್ಚಿ ಮಲಗಿದ್ದು ಕಡಿಮೆ. ಎಲೆ ಅಲ್ಲಾಡಿದರೆ ಬಂದೂಕು ಎತ್ತುತ್ತಿದ್ದೆವು. ಕಾಲುದಾರಿಗಳು ಗೊತ್ತಿದ್ದವನೆಂದು ಆ ಮಳೆಗಾಲದಲ್ಲಿ ನನ್ನನ್ನು ಕಾಡು ಜಾಲಾಡುವ ಕೂಂಬಿಂಗ್ ತಂಡದ ಮುಂದೆ ಹಾಕಿದ್ದರು. ರಕ್ತ ಹೀರುವ ಉಂಬಳ ಹತ್ತದಿರಲೆಂದು ಕಾಲುಚೀಲಕ್ಕೆ ಸುಣ್ಣ, ಹೊಗೆಸೊಪ್ಪು ತಿಕ್ಕಿಕೊಂಡು ಹತ್ತಿದರೂ ಸಂಜೆ ಬೂಟಿನೊಳಗೆ ರಕ್ತವೇ.

ಅಂಥದೊಂದು ಸಂಜೆ ಕಾಡಿನ ಅಂಚಿನ ಒಂದು ಮನೆಗೆ ನುಗ್ಗಿದೆವು. ಮನೆಯಲ್ಲಿದ್ದುದು ಮುದುಕಿ, ಮಗ, ಸೊಸೆ, ಮೂರೇ ಜನ. ಒಲೆಯ ಮೇಲೆ ಹದಿನೈದು ಜನಕ್ಕೆ ಆಗುವಷ್ಟು ಕುಚ್ಚಲಕ್ಕಿ ಬೇಯುತ್ತಿತ್ತು. ಅನ್ನದ ಚರಿಗೆ ನೋಡಿ ಲೆಕ್ಕ ಹಾಕುವುದು ಆಗ ನಮಗೆ ಬಂದಿದ್ದ ದೊಡ್ಡ ವಿದ್ಯೆ. ಯಾರಿಗೆ ಈ ಅನ್ನ ಎಂದು ಕೇಳಿದೆ. ಮುದುಕಿ ಏನೋ ಹೇಳಲು ಬಾಯಿ ತೆರೆದಳು. ನನಗೆ ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲ. ಚರಿಗೆಯನ್ನು ಬೂಟಿನಿಂದ ಒದ್ದೆ. ಸಗಣಿ ಸಾರಿಸಿದ ನೆಲದ ಮೇಲೆ ಗಂಜಿ ಹರಿದು ಹೊಸ್ತಿಲಿನ ತನಕ ಬಂತು. ಮಗನ ಕೆನ್ನೆಗೆ ಎರಡು ಬಿಟ್ಟೆ. ಮುದುಕಿ ಅಳಲಿಲ್ಲ, ಶಾಪ ಹಾಕಲಿಲ್ಲ. ಅಡಿಕೆ ಹಾಳೆಯ ತುಂಡಿನಿಂದ ಅನ್ನವನ್ನು ಬಳಿದು ದನದ ಕಲಗಚ್ಚಿನ ಬಾನಿಗೆ ಹಾಕತೊಡಗಿದಳು. ಆ ರಾತ್ರಿ, ಫೆಬ್ರುವರಿಯ ನಂತರ ಮೊದಲ ಬಾರಿಗೆ, ನನಗೆ ಒಳ್ಳೆಯ ನಿದ್ದೆ ಬಂತು.

ಮಾರನೆಯ ದಿನ ಬೆಳಿಗ್ಗೆ ಅದೇ ದಾರಿಯಲ್ಲಿ ಇಳಿಯುವಾಗ ಮನೆಯ ಕೆಳಗಿನ ಗದ್ದೆಯಲ್ಲಿ ಹನ್ನೆರಡು ಜನ ಬಗ್ಗಿ ಸಸಿ ನೆಡುತ್ತಿದ್ದರು. ಒಬ್ಬರ ಗದ್ದೆಗೆ ಇನ್ನೊಬ್ಬರು ಸರದಿಯಂತೆ ದುಡಿಯಲು ಬರುವ ಮುಯ್ಯಾಳುಗಳು. ನಸುಕಿಗೇ ಬರುವವರಿಗೆಂದು ಹಿಂದಿನ ಸಂಜೆಯೇ ಬೇಯಿಸಿಟ್ಟ ಅನ್ನ ಅದು. ಗದ್ದೆ ಮನೆಯಲ್ಲಿ ಹುಟ್ಟಿದ ನನಗೆ ಆಷಾಢದಲ್ಲಿ ದೊಡ್ಡ ಚರಿಗೆ ಏಕೆ ಒಲೆಯೇರುತ್ತದೆಂದು ಹೊಳೆಯದೇ ಹೋಯಿತಲ್ಲ, ಇವತ್ತಿಗೂ ಆಶ್ಚರ್ಯ ಅದೇ. ಯಾರೂ ತಲೆ ಎತ್ತಿ ನೋಡಲಿಲ್ಲ. ನಮಗೆ ಅಂಚಿನ ಮೇಲೆ ಹಾದುಹೋಗಲು ಅನುಕೂಲವಾಗಲೆಂದು ಆ ಮಗನೇ ಎತ್ತುಗಳನ್ನು ಪಕ್ಕಕ್ಕೆ ಹೊಡೆದು ನಿಂತ.

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಒಕ್ಕಲೆಬ್ಬಿಸುತ್ತಾರೆಂಬ ಹೆದರಿಕೆ ಇಡೀ ಆ ಸೀಮೆಯಲ್ಲಿದ್ದ ಕಾಲ ಅದು. ರಾತ್ರಿ ಬಂದ ನಕ್ಸಲರ ಮಾತಿಗೆ ಒಂದಿಷ್ಟು ಜನ ಕಿವಿಗೊಟ್ಟದ್ದಕ್ಕೆ ಆ ಹೆದರಿಕೆಯೂ ಕಾರಣ. ಉಳಿದದ್ದಕ್ಕೆ ನನ್ನಂಥವರ ಬೂಟು ಕಾರಣವಾಗಿರಬೇಕು. ಆಮೇಲೆ ಆ ಮನೆಯ ದಾರಿಯಲ್ಲಿ ಎರಡು ಸಲ ಬಸ್ಸಿನಲ್ಲಿ ಹೋದೆ, ಇಳಿಯಲಿಲ್ಲ. ನಿನ್ನ ದೊಡ್ಡಮ್ಮನಿಗೂ ಇದನ್ನು ಹೇಳಿಲ್ಲ. ಅವಳು ಅಕ್ಕಿ ಅಳೆಯುವಾಗ ಮಾತ್ರ ಈಗಲೂ ಮನಸ್ಸಿನಲ್ಲೇ ಪಾವು ಎಣಿಸುತ್ತೇನೆ.

ಸಲಹೆ ಕೇಳಿದ್ದೀಯೆಂದು ಒಂದೆರಡು ಮಾತು ಬರೆಯುತ್ತೇನೆ, ನಿನಗೆ ಗೊತ್ತಿರುವುದೇ ಆದರೆ ಬೇಸರಿಸಬೇಡ. ಎನ್‌ಕೌಂಟರ್ ಬಗ್ಗೆ ಸುಪ್ರೀಂ ಕೋರ್ಟು 2014ರಲ್ಲಿ ಹಾಕಿಕೊಟ್ಟ ಕಟ್ಟಳೆಗಳು ಸಾವಿಗಷ್ಟೇ ಅಲ್ಲ, ತೀವ್ರ ಗಾಯಕ್ಕೂ ಅನ್ವಯಿಸುತ್ತವೆ. ಗುಂಡು ಹಾರಿಸಿದವನಿಗೆ ಕೂಡಲೇ ಬಹುಮಾನವಾಗಲಿ ಸರದಿ ತಪ್ಪಿದ ಬಡ್ತಿಯಾಗಲಿ ಕೊಡಬಾರದೆಂದು ಅದರಲ್ಲೇ ಇದೆ. ನಿನಗೆ ಹಾರ ಹಾಕಿದ ಫೋಟೋವನ್ನು ನಿನ್ನ ತಂಗಿ ಕಳಿಸಿದ್ದಳು. ಅದನ್ನು ಇನ್ನಷ್ಟು ಜನಕ್ಕೆ ಹಂಚಬೇಡವೆಂದು ಹೇಳು. ಹೊಸ ಕಾನೂನು ಬಂದ ಮೇಲೆ, 2024ರ ಜುಲೈ 1ರಿಂದ, ಶೋಧ ಮತ್ತು ಜಪ್ತಿಯನ್ನು ವಿಡಿಯೋದಲ್ಲಿ ದಾಖಲಿಸಲೇಬೇಕಲ್ಲ. ಅದನ್ನು ಕಾಟಾಚಾರಕ್ಕೆ ಮಾಡಬೇಡ, ನಾಳೆ ನಿನ್ನ ಮಾತನ್ನು ನಂಬಿಸುವುದು ಅದೊಂದೇ. ಠಾಣೆಯಿಂದ ದಿನವೂ ಒಂದೇ ದಾರಿಯಲ್ಲಿ ಮನೆಗೆ ಹೋಗಬೇಡ. ಇದು ನಿನ್ನ ಅಮ್ಮನಿಗಾಗಿ ಬರೆದದ್ದು.

2024ರ ನವೆಂಬರಿನಲ್ಲಿ ಹೆಬ್ರಿಯ ಕಬ್ಬಿನಾಲೆಯ ಕಾಡಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತಾಗ, ಅವರು ದಿನಸಿಗೆಂದು ಒಂದು ಮನೆಗೆ ಬಂದಿದ್ದರೆಂದು ಓದಿ ಪತ್ರಿಕೆ ಮಡಿಸಿಟ್ಟೆ. ಮರುವರ್ಷ ಜನವರಿಯಲ್ಲಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಶರಣಾದದ್ದನ್ನು ಟಿವಿಯಲ್ಲಿ ನೋಡುತ್ತಿದ್ದಾಗ, ಇಪ್ಪತ್ತು ವರ್ಷ ನಾವು ಹೆದರಿದ್ದು ಈ ಬಡಕಲು ದೇಹಗಳಿಗೇ ಎಂದುಕೊಂಡು ತೋಟಕ್ಕೆ ಎದ್ದುಹೋದೆ. ಅವರು ಹಿಡಿದ ದಾರಿಯನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ನಿನ್ನ ರೌಡಿಗಳನ್ನಂತೂ ಸೈ ಅನ್ನಲು ನನ್ನಿಂದಾಗದು. ಆದರೂ ಮತ್ತೆ ಮತ್ತೆ ಮನಸ್ಸು ಹೋಗಿ ನಿಲ್ಲುವುದು ನಿನ್ನ ನಿದ್ದೆಯ ಮೇಲೆಯೇ. ಅದು ಬಂತೆನ್ನುವುದಕ್ಕಲ್ಲ ನನ್ನ ಹೆದರಿಕೆ. ಬಂದದ್ದನ್ನು ನೀನು ಇನ್ನೊಬ್ಬರ ಮುಂದೆ ಇಟ್ಟು ಕೇಳಿದೆ, ನಾನು ಕೇಳಲಿಲ್ಲ. ಎರಡನೆಯ ಸಲ ಹಾಗೆ ನಿದ್ದೆ ಬಂದಾಗ ಕೇಳುವುದನ್ನು ಮರೆತುಬಿಡುತ್ತೀಯೇನೋ ಎಂಬುದೇ ನನ್ನ ಹೆದರಿಕೆ.

ಮಾತಿನ ನಡುವೆ ಇನ್ನೊಂದು ಬಿಟ್ಟುಹೋಯಿತು. ಪಿಸ್ತೂಲು, ಎಷ್ಟು ಸುತ್ತು, ಎಷ್ಟು ಅಡಿ ದೂರ, ಯಾವ ಪಂಚರು ಎಲ್ಲವನ್ನೂ ಬರೆದಿದ್ದೀಯೆ. ಆ ಹುಡುಗನಿಗೆ ಯಾವ ಕಾಲಿಗೆ ಪೆಟ್ಟಾಯಿತು, ಆಸ್ಪತ್ರೆಗೆ ಅವನಿಗೆ ಊಟ ತಂದುಕೊಡುವವರು ಯಾರಾದರೂ ಇದ್ದಾರೆಯೇ ಎಂಬುದು ಮೂರು ಪುಟಗಳಲ್ಲಿ ಎಲ್ಲಿಯೂ ಸಿಗಲಿಲ್ಲ. ಮುಂದಿನ ಪತ್ರದಲ್ಲಿ ಬರೆ.

ಇಂತಿ ನಿನ್ನ ದೊಡ್ಡಪ್ಪ