ತರಬೇತುದಾರನಿಗೇ ಬೇಕಿದ್ದ ತರಬೇತಿ

ಮಾನ್ಯ ಸಂಪಾದಕರೇ,

ಪರದೇಶದಲ್ಲಿ ಎರಡು ವರ್ಷ ಸ್ವಯಂಸೇವಕನಾಗಿ ಶಿಕ್ಷಕರಿಗೆ ತರಬೇತಿ ನೀಡಿ ಮರಳಿದ ನಾನು, ಇಂಥ ಸೇವೆಗೆ ಹೊರಡುವವರಿಗೆ ಯಾರೂ ಮುಂಚಿತವಾಗಿ ಹೇಳದ ಕೆಲವು ಸಂಗತಿಗಳನ್ನು ತಮ್ಮ ಪತ್ರಿಕೆಯ ಮೂಲಕ ತಿಳಿಸಬಯಸುತ್ತೇನೆ.

ಮೊದಲ ದಿನ ಗುಂಪು ಚಟುವಟಿಕೆಯ ಮಹತ್ವವನ್ನು ಗಂಟೆಗಟ್ಟಲೆ ವಿವರಿಸಿ ‘ಅರ್ಥವಾಯಿತೇ?’ ಎಂದು ಕೇಳಿದಾಗ ಎಲ್ಲ 30 ಶಿಕ್ಷಕರೂ ತಲೆಯಾಡಿಸಿದರು. ಮರುವಾರ ಅವರಲ್ಲೊಬ್ಬರ ತರಗತಿಗೆ ಹೋದರೆ, ನೆಲಕ್ಕೆ ಬಿಗಿದ ಉದ್ದನೆಯ ಬೆಂಚುಗಳಲ್ಲಿ 80 ಮಕ್ಕಳು ಒತ್ತೊತ್ತಾಗಿ ಕುಳಿತಿದ್ದರು. ಗುಂಪು ಮಾಡುವುದಿರಲಿ, ಶಿಕ್ಷಕರಿಗೆ ಕಪ್ಪುಹಲಗೆ ಬಿಟ್ಟು ಕದಲಲೂ ಜಾಗವಿರಲಿಲ್ಲ. ಅಂದು ಅವರು ತಲೆಯಾಡಿಸಿದ್ದು ಅತಿಥಿಯ ಮನಸ್ಸನ್ನು ನೋಯಿಸಬಾರದೆಂಬ ಸೌಜನ್ಯಕ್ಕೆ ಎಂಬುದು ನನಗೆ ಹೊಳೆಯಲು ತಿಂಗಳುಗಳೇ ಹಿಡಿದವು. ಹಿರಿಯರೊಬ್ಬರ ತಪ್ಪನ್ನು ನಾನು ಎಲ್ಲರೆದುರು ತಿದ್ದಿದ ಮರುದಿನದಿಂದ ಅವರು ತರಬೇತಿಗೇ ಬರಲಿಲ್ಲ. ಉಳಿದವರು ದಿನಭತ್ಯೆ ಯಾವಾಗ ಸಿಗುವುದೆಂದು ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಅವರ ಸಂಬಳವೇ ತಡವಾಗುತ್ತಿತ್ತೆಂದು ತಿಳಿದ ಮೇಲೆ ನಾಚಿಕೆಯಾಯಿತು.

ಅಂತರರಾಷ್ಟ್ರೀಯ ಸಹಕಾರದ ತರಬೇತಿಯ ಮೂಲಕವೂ 2030ರೊಳಗೆ ಅರ್ಹ ಶಿಕ್ಷಕರ ಸಂಖ್ಯೆಯನ್ನು ಗಣನೀಯವಾಗಿ ಹೆಚ್ಚಿಸಬೇಕೆಂಬುದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿಯ ನಾಲ್ಕನೆಯ ಗುರಿಯಲ್ಲಿ ಸೇರಿದೆ. ಗುರಿ ಒಳ್ಳೆಯದೇ. ಆದರೆ ಪರೀಕ್ಷೆಯು ಕಂಠಪಾಠವನ್ನೇ ಬೇಡುತ್ತಿರುವವರೆಗೆ ನನ್ನಂಥವರು ಹೇಳಿಕೊಡುವ ಚಟುವಟಿಕೆಗಳನ್ನು ಯಾವ ಶಿಕ್ಷಕರು ತಾನೇ ನೆಚ್ಚಿಕೊಂಡಾರು? ಆದ್ದರಿಂದ ಸ್ವಯಂಸೇವಕರನ್ನು ಕಳುಹಿಸುವ ಸಂಸ್ಥೆಗಳು ಅವರಿಗೆ ಸ್ಥಳೀಯ ಭಾಷೆಯನ್ನು ಕಲಿಸಿ, ಮೊದಲ ಒಂದು ತಿಂಗಳು ತರಗತಿಗಳ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತು ನೋಡುವುದನ್ನು ಕಡ್ಡಾಯಗೊಳಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ನಿವೃತ್ತ ಶಿಕ್ಷಕ