ಅಮ್ಮನ ಕೈಗೆ ಬಿಸಿ ದೋಸೆ ಕೊಡು

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ಬೆಂಗಳೂರಿನ ಅವರೆಬೇಳೆ ಮೇಳದ ಮಾತು ಬಂದಾಗ ನೀನು, "ಅಲ್ಲಿ ಕಾಲಿಡೋಕೂ ಜಾಗ ಇರಲ್ಲ ಮಾವ, ಅಮ್ಮ ಬಂದಾಗ ಮನೆಗೇ ತರಿಸ್ತೀನಿ" ಅಂದೆಯಲ್ಲ, ಆಗ ನಾನು ಹೂಂ ಅಂದು ಸುಮ್ಮನಾದೆ. ಆಮೇಲೆ ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೇ ಬರೀತಿದ್ದೀನಿ.

2009ರ ಜನವರಿ ನೆನಪಿದೆಯಾ? ನಿನಗೆ ಆಗ ಹತ್ತು ವರ್ಷ. ಹಾಸನದಿಂದ ಕುಣಿಗಲ್ ಮೇಲೆ ಬರುವ ನೇರ ರೈಲು ಮಾರ್ಗ ಶುರುವಾಗಿದ್ದು 2017ರಲ್ಲಿ, ಆಗ ನಮಗೆ ಬಸ್ಸೇ ಗತಿ. ಬೆಳಗಿನ ಜಾವದ ಚಳಿಯಲ್ಲಿ ಮಂಕಿ ಟೋಪಿ ಹಾಕ್ಕೊಂಡು ಎಂಟು ಜನ ಹೊರಟು, ಮೆಜೆಸ್ಟಿಕ್‌ನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ವಿ.ವಿ. ಪುರಂ ಸೇರುವಷ್ಟರಲ್ಲಿ ನೀನು ಎರಡು ಸಲ ವಾಂತಿ ಮಾಡಿದ್ದೆ. ಆದರೂ ಸಜ್ಜನ್ ರಾವ್ ಸರ್ಕಲ್ ಹತ್ತಿರ ಸೊಗಡಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ಬಿಡಿಸಿಕೊಂಡು ಓಡಿದೆ! ಇಡೀ ಬೀದಿಯೇ ಅವರೆ. ಹಿತಕಿದ ಬೇಳೆ ಸಾರು, ಅಕ್ಕಿರೊಟ್ಟಿ, ಉಪ್ಪಿಟ್ಟು, ನಿಪ್ಪಟ್ಟು, ಕೊನೆಗೆ ಅವರೆಬೇಳೆ ಜಾಮೂನು, ಜಿಲೇಬಿ ಕೂಡ. (ಜಾಮೂನು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಅವರೆ ಖಾರಕ್ಕೆ ಹುಟ್ಟಿದ್ದು.) ದೋಸೆ ಹುಯ್ದು, ಹಸಿ ಇರುವಾಗಲೇ ಮೇಲೆ ಬೇಳೆ ಉದುರಿಸಿ, ಸುತ್ತ ಎಣ್ಣೆ ಬಿಟ್ಟಾಗ ಬರುವ ಆ ಚುಂಯ್ ಸದ್ದಿಗೆ ನಾವೆಲ್ಲ ಮುಗಿಬಿದ್ದಿದ್ದೆವು.

ನಾವೆಲ್ಲ ಅಂದೆನಲ್ಲ, ಅದರಲ್ಲಿ ನಿಮ್ಮಮ್ಮ, ನನ್ನ ಅಕ್ಕ, ಇರಲಿಲ್ಲ ಕಣೋ. ನಿನ್ನ ತಂಗಿ ಅವಳ ಹೆಗಲ ಮೇಲೆ ನಿದ್ದೆ ಹೋಗಿತ್ತು, ಎಲ್ಲರ ಬ್ಯಾಗೂ ಅವಳ ಕಾಲ ಬುಡದಲ್ಲಿ. ನೀನು ಹೊಸ ಸ್ವೆಟರ್ ಮೇಲೆ ಸಾರು ಚೆಲ್ಲಿಕೊಂಡೆ, ಅದನ್ನು ತೊಳೆಯೋಕೆ ನಲ್ಲಿ ಹುಡುಕಿಕೊಂಡು ಹೋದವಳೂ ಅವಳೇ. ಅವಳು ವಾಪಸ್ ಬರುವಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತು ಅಂತ ಎಲ್ಲರನ್ನೂ ಎಬ್ಬಿಸಿದ್ದು ನಾನು. ಒಂದು ದೋಸೆ ಕಟ್ಟಿಸಿಕೊಂಡೆವು. ಕುಣಿಗಲ್ ದಾಟಿದ ಮೇಲೆ ಕತ್ತಲಲ್ಲಿ ಅದನ್ನು ಬಿಚ್ಚಿ, ಅರ್ಧ ನಿನಗೆ ಕೊಟ್ಟು, ತಣ್ಣಗೆ ತೊಗಲಿನಂತಾಗಿದ್ದ ಉಳಿದರ್ಧ ತಿಂದಳು. ಇದೆಲ್ಲ ನಾನು ಆಗ ಗಮನಿಸಿರಲೇ ಇಲ್ಲ. ಹೋದ ದೀಪಾವಳಿಯಲ್ಲಿ ಹಳೇ ಫೋಟೊ ನೋಡ್ತಾ ಅಕ್ಕ ನಗುತ್ತಲೇ ಅಂದಳು, "ಮೇಳದ ದೋಸೆ ಬಿಸಿಯಾಗಿದ್ರೆ ಹೇಗಿರುತ್ತೋ, ನಂಗೆ ಗೊತ್ತೇ ಇಲ್ಲ ನೋಡು."

ಅದಕ್ಕೇ ಈ ಸಲ ಮನೆಗೆ ತರಿಸಬೇಡ. ಕರಕೊಂಡು ಹೋಗು. ಈಚಿನ ವರ್ಷಗಳಲ್ಲಿ ಮೇಳ ನ್ಯಾಷನಲ್ ಕಾಲೇಜು ಮೈದಾನದಲ್ಲಿ ನಡೀತಿದೆ, ಹಳೇ ಬೀದಿಯ ಇಕ್ಕಟ್ಟಿಲ್ಲ. ಅವಳು ಯಶವಂತಪುರದಲ್ಲಿ ರೈಲು ಇಳಿದರೆ ಅಲ್ಲಿಂದಲೇ ಹಸಿರು ಮಾರ್ಗದ ಮೆಟ್ರೊ ಇದೆ, ನ್ಯಾಷನಲ್ ಕಾಲೇಜು ಅಂತಲೇ ಸ್ಟೇಷನ್ನು. ವಾರದ ದಿನ ಒಂದು ರಜೆ ಹಾಕಿ ಹೊತ್ತಿಗೆ ಮುಂಚೆ ಹೋಗು. ಸಂಜೆ, ಅದರಲ್ಲೂ ಭಾನುವಾರದ ಸಂಜೆ, ಬೇಡವೇ ಬೇಡ. ಅವಳ ಮಂಡಿ ನೋವು ನಿನಗೆ ಗೊತ್ತಲ್ಲ.

ಇನ್ನೊಂದು ಮಾತು. ಏನು ಬೇಕಮ್ಮ ಅಂತ ಕೇಳಬೇಡ. ಏನೂ ಬೇಡ, ನೀನು ತಿನ್ನು ಅಂತಾಳೆ, ನೀನೂ ಅದನ್ನೇ ನಂಬ್ತೀಯ. ಎಲ್ಲಾದರೂ ಕೂರಿಸಿ, ಅವಳ ಕೈಲಿರುವ ಬ್ಯಾಗು ಕಿತ್ಕೊಂಡು, ಬಿಸಿ ದೋಸೆ ಕೈಗೆ ಕೊಟ್ಟುಬಿಡು. ಫೋಟೊ ಆಮೇಲೆ ತೆಗೀಬಹುದು, ದೋಸೆ ಆರುತ್ತೆ.

ವಾಪಸ್ ಬರ್ತಾ ಬೀದಿಯಲ್ಲಿ ಅವರೆಕಾಯಿ ಗಾಡಿ ಕಂಡರೆ ಅವಳು ಖಂಡಿತ ನಿಲ್ತಾಳೆ. ಸುಲಿದ ಕಾಳು, ಹಿತಕಿದ ಬೇಳೆ ಎಲ್ಲ ಪ್ಯಾಕೆಟ್ಟಿನಲ್ಲಿ ಸಿಗುತ್ತೆ ಅನ್ನಬೇಡ. ಅವಳಿಗೆ ಕಾಯೇ ಬೇಕು. ಒಂದೊಂದನ್ನೂ ಮೂಸಿ ನೋಡ್ತಾಳೆ, ಇದು ಮಾಗಡಿ ಕಡೆಯದಾ ಅಂತ ಕೇಳ್ತಾಳೆ, ಐದು ರೂಪಾಯಿಗೆ ಕಾಲು ಗಂಟೆ ಜಗಳ ಆಡ್ತಾಳೆ. ಆಡಲಿ ಬಿಡು. ಹೆಬ್ಬಾಳ ಅವರೆ ಅನ್ನೋ ತಳಿ ಬಂದ ಮೇಲೆ ಬೇಸಿಗೆಯಲ್ಲೂ ಅವರೆಕಾಯಿ ಸಿಗುತ್ತೆ ನಿಜ, ಆದರೆ ಚಳಿಗಾಲದ ನಾಟಿ ಕಾಯಿ ಕೈಗೆ ಅಂಟಿಸುವ ಸೊಗಡು ಅದರಲ್ಲಿ ಎಲ್ಲಿದೆ? ಸೋಪು ಹಾಕಿ ತೊಳೆದರೂ ಹೋಗಲ್ಲ.

ರಾತ್ರಿ ಪೇಪರ್ ಹಾಸಿ ಅವಳ ಜೊತೆ ಕೂತು ಸುಲಿ. ಹುಳು ಕಂಡರೆ ಕಿರುಚಬೇಡ, ಚಿಕ್ಕವನಿದ್ದಾಗ ಅದನ್ನು ಬೆಂಕಿಪೊಟ್ಟಣದಲ್ಲಿ ಸಾಕಿದವನು ನೀನು. ಕಾಳು ನೆನೆಹಾಕಿ, ಬೆಳಗ್ಗೆ ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮುತ್ತೆ. ಮೊದಲಿನ ನಾಲ್ಕು ಬೇಳೆ ಗೋಡೆಗೆ ಹಾರುತ್ತೆ, ಆಮೇಲೆ ಕೈ ಹದಕ್ಕೆ ಬರುತ್ತೆ. ಆ ಹೊತ್ತಲ್ಲಿ ಅವಳು ಏನಾದರೂ ಹಳೇ ಕತೆ ತೆಗೀತಾಳೆ. ಫೋನು ಒಳಗಿಟ್ಟು ಕೇಳು.

ದೋಸೆ ಹೇಗಿತ್ತಂತೆ ಅಂತ ನನಗೆ ತಿಳಿಸು. ಅಕ್ಕ ಊರಿಗೆ ಹೊರಡುವಾಗ ಒಂದು ಡಬ್ಬಿ ಹಿತಕಿದ ಬೇಳೆ ಅವಳ ಕೈಲಿ ಕಳಿಸು. ಬೇಡ, ತಡಿ, ಅವಳ ಕೈಗೆ ಮತ್ತೆ ಬ್ಯಾಗು ಯಾಕೆ? ನಾನೇ ಒಂದು ದಿನ ಬಂದು ತಗೊಂಡು ಹೋಗ್ತೀನಿ.

ನಿನ್ನ ಮಾವ