ಟರ್ಬೊ ಹೋಸ್‌ಗಳು ಇನ್ನು ಮುಂದೆ ಆರ್ಡರ್ ಮೇಲೆ ಮಾತ್ರ

ಆತ್ಮೀಯ ಗ್ರಾಹಕರೇ,

ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಹಳೆಯ ಡೀಸೆಲ್ ಎಂಜಿನ್‌ಗಳ ಗಾಳಿ ಹೋಸ್‌ಗಳನ್ನು ಇನ್ನು ನಾವು ಸ್ಟಾಕ್‌ನಿಂದ ಕೊಡುವುದಿಲ್ಲ, ಆರ್ಡರ್ ಬಂದ ಮೇಲೆ ಮಾಡಿಸಿ ಕೊಡುತ್ತೇವೆ. ದರ ಏರಿದೆ, ಕಾಯಬೇಕಾದ ದಿನಗಳೂ ಹೆಚ್ಚಿವೆ. ಗಾಡಿ ನಿಲ್ಲಿಸಿಕೊಂಡು ಕೂತವರ ಕಷ್ಟ ನಮಗೆ ಗೊತ್ತು, ಕ್ಷಮೆ ಇರಲಿ. ಪ್ಯಾಕೆಟ್ ಒಡೆಯದ ಹಳೇ ಮಾಲು ಈಗಲೂ ಅಲ್ಲಲ್ಲಿ ಸಿಗುತ್ತದೆ. ಆದರೆ ಕಪಾಟಿನಲ್ಲಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಬಾಗಿಸಿ ನೋಡಿದರೆ ತಿರುವಿನ ಹೊರಮೈಯಲ್ಲಿ ಕೂದಲೆಳೆಯಂಥ ಬಿರುಕು ಕಾಣುತ್ತದೆ. ಅಂಥದ್ದನ್ನು ನಾವು ಮಾರುವುದಿಲ್ಲ.

‘ಅದೇ ಅಳತೆಯ ರೇಡಿಯೇಟರ್ ಹೋಸ್ ಅಗ್ಗಕ್ಕೆ ಸಿಗುತ್ತಲ್ಲ, ನಿಮ್ಮದೇಕೆ ಇಷ್ಟು ದುಬಾರಿ?’ ಎಂದು ಮತ್ತೆ ಮತ್ತೆ ಕೇಳುತ್ತಿದ್ದೀರಿ. ರೇಡಿಯೇಟರ್ ಹೋಸ್ ಇಪಿಡಿಎಂ ರಬ್ಬರಿನದು. ನೀರು, ಕೂಲಂಟ್ ಎಷ್ಟಿದ್ದರೂ ತಾಳುತ್ತದೆ, ಎಣ್ಣೆ ತಾಗಿದರೆ ಊದಿಕೊಳ್ಳುತ್ತದೆ. ಲೋಡ್ ಇದ್ದಾಗ ಟರ್ಬೊದಿಂದ ಹೊರಬರುವ ಗಾಳಿ 150 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಬ್ರೀದರ್‌ನಿಂದ (ಎಂಜಿನ್ ಒಳಗಿನ ಆವಿ ಹೊರಬಿಡುವ ದಾರಿ) ಬಂದ ಎಣ್ಣೆ ಮಂಜೂ ಅದರೊಂದಿಗೆ ಇರುತ್ತದೆ. ಇಂಥ ಕಡೆ ಇಪಿಡಿಎಂ ಮೆತ್ತಗಾಗಿ, ಒಳಪದರ ಎದ್ದು, ಬೂಸ್ಟ್ (ಟರ್ಬೊ ಗಾಳಿಯ ಒತ್ತಡ) ಏರಿದಾಗ ಬಲೂನಿನಂತೆ ಉಬ್ಬಿ ಪೈಪಿನಿಂದ ಜಾರುತ್ತದೆ. ಬರೀ ಸಿಲಿಕೋನ್ ಹೋಸ್ ಶಾಖ ತಾಳುತ್ತದೆ ನಿಜ, ಆದರೆ ಎಣ್ಣೆ ಅದರೊಳಗೆ ಇಳಿದು ಹೊರಮೈ ಜಿಡ್ಡಾಗುತ್ತದೆ, ಪದರಗಳು ಬಿಡುತ್ತವೆ. ಅದಕ್ಕೇ ಟರ್ಬೊದಿಂದ ಇಂಟರ್‌ಕೂಲರ್‌ವರೆಗಿನ (ಆ ಬಿಸಿ ಗಾಳಿಯನ್ನು ತಣ್ಣಗಾಗಿಸುವ ಭಾಗ) ಹೋಸ್‌ಗೆ ನಾವು ಒಳಗೆ ಎಣ್ಣೆ ತಾಳುವ ಫ್ಲೋರೋಸಿಲಿಕೋನ್ ಲೈನಿಂಗ್, ಮೇಲೆ ಶಾಖ ತಾಳುವ ಗಟ್ಟಿ ನಾರಿನ ಅರಾಮಿಡ್ ಬಟ್ಟೆ ನಾಲ್ಕು ಪದರ ಹಾಕಿಸುತ್ತೇವೆ. ಇಂಟರ್‌ಕೂಲರ್‌ನಿಂದ ಮ್ಯಾನಿಫೋಲ್ಡ್‌ಗೆ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಭಾಗ) ಬರುವ ಗಾಳಿ ತಣ್ಣಗಿರುವುದರಿಂದ ಅಲ್ಲಿ ಅದೇ ಲೈನಿಂಗ್ ಮೇಲೆ ಪಾಲಿಯೆಸ್ಟರ್ ಬಟ್ಟೆ ಸಾಕು. ಬೇಡದ ಕಡೆ ಅರಾಮಿಡ್ ಹಾಕಿ ಬಿಲ್ ಏರಿಸುವವರಲ್ಲ ನಾವು.

ದುಡ್ಡು ಹೋಗುವುದು ಮುಖ್ಯವಾಗಿ ಅಚ್ಚಿಗೆ. ತಿರುವು ಬದಲಾದರೆ ಅಚ್ಚೂ ಬೇರೆ. ಅದರ ಮೇಲೆ ಪದರಗಳನ್ನು ಕೈಯಲ್ಲೇ ಸುತ್ತಿ, ಓವನ್‌ನಲ್ಲಿ ಬೇಯಿಸಿ, ಕಳಚಿ, ತುದಿ ಕತ್ತರಿಸಬೇಕು. ಒಂದೇ ಹೋಸ್ ಬೇಕಿದ್ದರೂ ಅಚ್ಚಿನ ಖರ್ಚು ಕಡಿಮೆಯಾಗುವುದಿಲ್ಲ. ಇದೆಲ್ಲ ನಮ್ಮ ಲಾಭ ಎಂದು ಕೆಲವರು ಅಂದದ್ದು ನಿಜಕ್ಕೂ ನೋವಾಯಿತು.

ಆರ್ಡರ್ ಕೊಡುವಾಗ ಹಳೇ ಹೋಸಿನ ಒಳವ್ಯಾಸ ಅಳೆಯಬೇಡಿ, ಅದು ಹಿಗ್ಗಿರುತ್ತದೆ. ಲೋಹದ ಪೈಪಿನ ಹೊರವ್ಯಾಸವನ್ನು, ತುದಿಯ ಉಬ್ಬಿನ ಹಿಂದೆ, ವರ್ನಿಯರ್‌ನಿಂದ ಅಳೆಯಿರಿ. ಎರಡೂ ತುದಿ ಅಳೆಯಿರಿ, ಒಂದು 57, ಇನ್ನೊಂದು 60 ಮಿ.ಮೀ. ಇರಬಹುದು. ಹರಿದಿದ್ದರೂ ಸರಿ, ಹಳೇ ಹೋಸನ್ನು ಕಳಿಸಿ. ಟರ್ಬೊ ಕಡೆ ಯಾವುದು, ಮೇಲ್ಭಾಗ ಯಾವುದು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಕೂರಿಸುವ ಮುನ್ನ ಪೈಪಿನ ಎಣ್ಣೆ ಪೂರ್ತಿ ಒರೆಸಿ. ಗ್ರೀಸ್ ಹಚ್ಚಿದರೆ ಸುಲಭವಾಗಿ ಏರುತ್ತದೆ, ಅಷ್ಟೇ ಸುಲಭವಾಗಿ ಕಳಚುತ್ತದೆ. ಸೀಳುಗಳಿರುವ ಮಾಮೂಲಿ ಕ್ಲಾಂಪ್ ಸಿಲಿಕೋನನ್ನು ಕೊಯ್ಯುತ್ತದೆ. ಒಳಪಟ್ಟಿ ಇರುವುದು ಅಥವಾ ಟಿ-ಬೋಲ್ಟ್ ಕ್ಲಾಂಪನ್ನು ಉಬ್ಬಿನ ಹಿಂದೆ ಹಾಕಿ. ಎಂಜಿನ್ ಒಮ್ಮೆ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೆ ಬಿಗಿ ನೋಡಿ. ಏರಿನಲ್ಲಿ ಪಿಕಪ್ ಇಳಿದು, ಶಿಳ್ಳೆ ಕೇಳಿ, ಕಪ್ಪು ಹೊಗೆ ಬಂದರೆ ಟರ್ಬೊ ಬಿಚ್ಚುವ ಮೊದಲು ಈ ಜೋಡಣೆಗಳನ್ನೇ ನೋಡಿ.

ರೇಡಿಯೇಟರ್ ಹೋಸ್, ಇಂಜೆಕ್ಟರ್ ರಿಟರ್ನ್ ಹೋಸ್ ಮೊದಲಿನಂತೆ ಸ್ಟಾಕ್‌ನಲ್ಲೇ ಇವೆ. ಆರ್ಡರ್ ಮೇಲೆ ಮಾಡಿಸಿದ ಪ್ರತಿ ಹೋಸಿನ ಒಳಗೂ ಬೆರಳಾಡಿಸಿ, ಲೈನಿಂಗ್ ಎಲ್ಲೂ ಎದ್ದಿಲ್ಲವೆಂದು ನೋಡಿಯೇ ಪ್ಯಾಕ್ ಮಾಡುತ್ತೇವೆ. ನಿಮ್ಮ ಎಂಜಿನ್‌ಗೆ ಸರಿಯಾಗಿ ಕೂರದಿದ್ದರೆ ಕತ್ತರಿಸದೆ ವಾಪಸ್ ಕಳಿಸಿ, ಸರಿಮಾಡಿಸಿ ಕೊಡುವುದು ನಮ್ಮ ಹೊಣೆ.

ಇಂತಿ,
ನಿಮ್ಮ ಬಿಡಿಭಾಗಗಳ ಅಂಗಡಿಯವರು